ಫೋರ್ಟಿನ ಕಮಾನುಗಳಲ್ಲಿ ವಿಜಯಪುರ

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಸಿಎಸ್‌ಎಂಟಿ ಎದುರಿನ ಸಬ್‌ವೇಯಿಂದ ಮೇಲೆ ಬಂದರೆ ಕ್ಯಾಮೆರಾದವರ ಒಂದು ಗುಂಪಾದರೂ ಕಣ್ಣಿಗೆ ಬೀಳುತ್ತದೆ. ಅವರ ದಾರಿಯೂ ಹೆಚ್ಚುಕಡಿಮೆ ಒಂದೇ: ಮೊದಲು ಸ್ಟೇಷನ್, ಆಮೇಲೆ ಡಿ.ಎನ್. ರೋಡಿನ ಕಮಾನುಸಾಲು, ಫ್ಲೋರಾ ಫೌಂಟನ್, ಕೊನೆಗೆ ಹಾರ್ನಿಮನ್ ಸರ್ಕಲ್. ಒಳ್ಳೆಯ ಚಿತ್ರವೆಂದರೆ ಅವರ ಲೆಕ್ಕದಲ್ಲಿ ಖಾಲಿ ಚಿತ್ರ. ಚಹಾದವನು ದಾಟಿಹೋಗಲಿ ಎಂದು ಕಾಯುತ್ತಾರೆ. ಮುಚ್ಚಿದ ಅಂಗಡಿಯ ಮುಂದೆ ಮಲಗಿದವನು ಫ್ರೇಮಿನಿಂದ ತಪ್ಪುವ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಸಂಜೆಯ ಹೊತ್ತಿಗೆ ಆ ಚಿತ್ರ ‘ಥೇಟ್ ಲಂಡನ್’ ಎಂಬ ಒಕ್ಕಣೆಯೊಂದಿಗೆ ಇನ್‌ಸ್ಟಾಗ್ರಾಮ್ ಏರಿರುತ್ತದೆ.

ನಾನೂ ಅಲ್ಲೇ ಫೋಟೊ ತೆಗೆಯುವವನು, ಆ ಖಾಲಿ ಚಿತ್ರಗಳ ಚೆಂದವನ್ನು ಇಲ್ಲವೆನ್ನಲಾರೆ. ಡಿ.ಎನ್. ರೋಡಿನ ಪಶ್ಚಿಮದ ಬದಿಯ ಕಮಾನುಗಳೊಳಗೆ ಬೆಳಗಿನ ಬಿಸಿಲು ಓರೆಯಾಗಿ ಬಂದು ಬಿದ್ದಾಗ ಒಂದು ನೆರಳು, ಒಂದು ಬೆಳಕು, ಮತ್ತೆ ನೆರಳು ಎಂದು ನೆಲವೇ ತಾಳ ಹಾಕಿದಂತಿರುತ್ತದೆ. ಅಂದಹಾಗೆ ಈ ಸಾಲು ತಾನಾಗಿ ಹುಟ್ಟಿದ್ದಲ್ಲ. 1896ರ ಸರಕಾರಿ ನಿಯಮವೊಂದು ಈ ರಸ್ತೆಯ ಕಟ್ಟಡಗಳೆಲ್ಲ ಕೆಳಗಡೆ ನಡೆದಾಡುವವರಿಗೆ ಕಮಾನಿನ ಮೊಗಸಾಲೆ ಬಿಡಬೇಕೆಂದು ಕಡ್ಡಾಯ ಮಾಡಿತ್ತು. ಬಿಸಿಲು ಮಳೆಗಳಲ್ಲಿ ಜನ ನಡೆಯಲಿ ಎಂದು ಕಟ್ಟಿದ್ದರಲ್ಲಿ ಜನವೇ ಇಲ್ಲದ ಗಳಿಗೆಗಾಗಿ ಕಾಯುವುದು ಸ್ವಲ್ಪ ತಮಾಷೆಯೇ.

ಆದರೆ ನನ್ನ ನಿಜವಾದ ತಕರಾರು ಆ ‘ಲಂಡನ್’ ಎಂಬ ಮಾತಿನದು. ನಾನು ವಿಜಯಪುರದವನು. ಸ್ಟೇಷನ್ನಿನ ಮಗ್ಗುಲಲ್ಲೇ ಇರುವ ಜಿಪಿಒ ಕಟ್ಟಡವನ್ನು ಮೊದಲ ಸಲ ನೋಡಿದಾಗ ಲಂಡನ್ ನೆನಪಾಗಲಿಲ್ಲ, ಊರು ನೆನಪಾಯಿತು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದ್ದು ಗೋಲ ಗುಮ್ಮಟವನ್ನು ಕಣ್ಣಮುಂದೆ ಇಟ್ಟುಕೊಂಡೇ. 1904ರಲ್ಲಿ ಶುರುವಾದ ಕೆಲಸ 1913ಕ್ಕೆ ಮುಗಿಯಿತು. ಕರಿಕಲ್ಲಿನ ಗೋಡೆ, ಕುರ್ಲಾದ ಹಳದಿ ಕಲ್ಲಿನ ಅಂಚು, ನಡುವಿನ ಹಾಲಿನ ಮೇಲೆ ಗುಮ್ಮಟ. ಒಳಗೆ ನಿಂತು ಸ್ಟಾಂಪು ಕೊಳ್ಳುವವರು ಕತ್ತೆತ್ತಿ ನೋಡುವುದು ಕಡಿಮೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಲಾ ಘೋಡಾದ ಬಳಿ ಇರುವ ವಸ್ತುಸಂಗ್ರಹಾಲಯ, ಮುಂಚೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗಿದ್ದದ್ದು, ಅದರ ಗುಮ್ಮಟವೂ ನಮ್ಮೂರಿನದರ ನೆಂಟನೇ. ಅದರ ಶಿಲ್ಪಿ ಜಾರ್ಜ್ ವಿಟೆಟ್ ಮೊದಲು ಬೆಗ್‌ನ ಕೈಕೆಳಗೆ ಕೆಲಸ ಮಾಡಿದವನು.

ವಿಜಯಪುರ ಮುಂಬಯಿಗೆ ಕಲ್ಲಾಗಿ ಬರುವುದಕ್ಕೆ ಮೊದಲೇ ಚಿತ್ರವಾಗಿ ಬಂದಿತ್ತು. 1866ರಲ್ಲಿ ‘ಆರ್ಕಿಟೆಕ್ಚರ್ ಅಟ್ ಬೀಜಾಪೂರ್’ ಎಂಬ ದೊಡ್ಡ ಪುಸ್ತಕ ಹೊರಬಿತ್ತು. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಫೋಟೊಗಳು, ಮೆಡೋಸ್ ಟೇಲರ್ ಬರೆದ ಚರಿತ್ರೆ, ಫರ್ಗುಸನ್‌ನ ಟಿಪ್ಪಣಿ ಅದರಲ್ಲಿವೆ. ಅದೇ ವರ್ಷ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೊಗಳ ಇನ್ನೊಂದು ಪುಸ್ತಕವೂ ಬಂತು. ಅದಕ್ಕೆ ಆಶ್ರಯ ಕೊಟ್ಟವರು ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದ. ಫೋರ್ಟಿನ ಫೋಟೊಗಳಲ್ಲೆಲ್ಲ ತಲೆ ಎತ್ತಿ ನಿಲ್ಲುವ ರಾಜಾಬಾಯಿ ಟವರ್ ಅವರ ತಾಯಿಯ ಹೆಸರಿನದು, ಕಟ್ಟಲು ಹಣ ಕೊಟ್ಟವರೂ ಅವರೇ.

ಆ ಕಾಲದ ಇಂಥ ಫೋಟೊಗಳಲ್ಲಿ ಅಳತೆ ತಿಳಿಯಲೆಂದು ಕಟ್ಟಡದ ಬುಡದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯಿತ್ತು. ಪಟಗ ಸುತ್ತಿದ ಯಾರೋ ಒಬ್ಬ, ಹೆಸರಿಲ್ಲ. ಅವನು ಅಲ್ಲಿರುವುದು ಅಳತೆಗೋಲಾಗಿ. ಈಗಿನವರು ಅವನನ್ನೂ ತೆಗೆದುಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ಇದೆಲ್ಲ ನನಗೆ ಹೊಳೆದದ್ದು ನನ್ನ ದೊಡ್ಡಪ್ಪ ಒಂದು ವಾರ ನಮ್ಮಲ್ಲಿಗೆ ಬಂದಾಗ. ಅವರು ಗೌಂಡಿ. ನಲವತ್ತು ವರ್ಷ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕೈಯಾಡಿಸಿದವರು. ಸ್ಟೇಷನ್ ತೋರಿಸಿದೆ. ಕೆತ್ತನೆಗೆ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳೂ ಕೈ ಹಚ್ಚಿದ್ದರು ಎಂದೆ. (ಮುಂದೆ ಅದೇ ಶಾಲೆಗೆ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಕೆ.ಕೆ. ಹೆಬ್ಬಾರರು ಬಂದು ಕಲಿತು, ಅಲ್ಲೇ ಕಲಿಸಿದ್ದನ್ನು ಬೇರೊಂದು ಸಲ ಬರೆಯಬೇಕು.) ದೊಡ್ಡಪ್ಪ ‘ಹೂಂ’ ಅಂದರು. ಜಿಪಿಒ ಮುಂದೆ ಬಂದಾಗ ಮಾತ್ರ ನಿಂತುಬಿಟ್ಟರು.

“ಏ ತಮ್ಮಾ, ಇದು ನಮ್ಮ ಗುಮ್ಮಟದ ಮರಿ ಅಲ್ಲೇನೋ?”

ಹೌದೆಂದೆ. ಕಮಾನು ನಿಲ್ಲುವುದು ಹೇಗೆ ಎಂದು ನಾನು ಎಷ್ಟೋ ಓದಿದ್ದೆ. ಗೋಲ ಗುಮ್ಮಟದಲ್ಲಿ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕವನ್ನು ನಕ್ಷತ್ರವಾಗಿಸಿ, ಅದರ ಮೇಲೆ ಗುಮ್ಮಟ ಕೂರುವ ಹಾಗೆ ಮಾಡುತ್ತವೆ ಎಂಬುದೂ ಗೊತ್ತಿತ್ತು. ಅವರು ಹೇಳಿದ್ದು ಬೇರೆ.

“ಪ್ರತಿ ಕಲ್ಲಿಗೂ ಕೆಳಗ ಬೀಳೂ ಆಸೆನ ಇರ್ತದ. ಎರಡೂ ಕಡೆಯವು ಒಮ್ಮೆಲೇ ಬೀಳಾಕ ಬರ್ತಾವ, ಒಂದಕ್ಕೊಂದು ಅಡ್ಡ ಆಗ್ತಾವ. ಅದಕ್ಕ ಯಾವದೂ ಬೀಳೂದಿಲ್ಲ. ಬಾರಾ ಕಮಾನ್ ನೋಡಿಯಲ್ಲ, ಮ್ಯಾಲ ಏನೂ ಇಲ್ಲ, ಆದ್ರೂ ನಿಂತಾವ.”

ಬಾರಾ ಕಮಾನ್ ಎರಡನೆಯ ಅಲಿ ಆದಿಲ್ ಶಾಹನ ಅರ್ಧಕ್ಕೆ ನಿಂತ ಗೋರಿ. ಮಾಡು ಹೊದಿಸುವ ಮುನ್ನವೇ ಕೆಲಸ ನಿಂತು, ಕರಿಕಲ್ಲಿನ ಕಮಾನುಗಳಷ್ಟೇ ಉಳಿದಿವೆ. ಚಿಕ್ಕಂದಿನಲ್ಲಿ ಅಲ್ಲಿ ಆಡುವಾಗ ಆಕಾಶವೇ ಅದರ ಚಾವಣಿ ಎಂದುಕೊಂಡಿದ್ದೆ. ಕಮಾನು ಅಂದರೆ ಫಾರಸಿಯಲ್ಲಿ ಬಿಲ್ಲು. ಹೆದೆಯೇರಿಸಿದ ಬಿಲ್ಲಿನ ಹಾಗೆ ಅದರೊಳಗೆ ಸದಾ ಒಂದು ಬಿಗಿ ಇರುತ್ತದೆ. ಕ್ಯಾಮೆರಾ ಹಿಡಿದವನಿಗೆ ಕಾಣುವುದು ಬಾಗು ಮಾತ್ರ, ಆ ಬಿಗಿ ಗೌಂಡಿಯ ಕಣ್ಣಿಗೆ ಕಾಣುತ್ತದೆ. ಅವರ ಮಾತು ಕೇಳಿದ ಮೇಲೆ ನಾನು ಕಮಾನಿನ ನಡುವಿಗೆ ಫೋಕಸ್ ಮಾಡುವುದನ್ನು ಬಿಟ್ಟು, ಅದು ಗೋಡೆಗೆ ಇಳಿಯುವ ಬುಡ ನೋಡಲು ಕಲಿತೆ. ಭಾರವೆಲ್ಲ ಹೋಗಿ ಸೇರುವುದು ಅಲ್ಲಿ. ಫೋರ್ಟಿನಲ್ಲಿ ಜನ ಒರಗಿ ಕೂತು ಬೀಡಿ ಸೇದುವುದೂ ಅಲ್ಲೇ, ಪಾರ್ಸೆಲ್‌ಗಳಿಗೆ ಬಟ್ಟೆ ಹೊಲಿದು ಅರಗು ಹಾಕುವವರು ಚೀಲ ಬಿಚ್ಚುವುದೂ ಅಲ್ಲೇ.

“ಕಟ್ಟಿದ ಗೌಂಡಿಗೋಳ ಹೆಸರು ಎಲ್ಲಿಯರ ಬರದಾರೇನು?” ಎಂದು ದೊಡ್ಡಪ್ಪ ಕೇಳಿದರು. ಬೆಗ್‌ನ ಹೆಸರು ಹೇಳಿದೆ. “ಅಂವಾ ಬರದಾಂವಾ. ಕಟ್ಟಿದಾಂವಾ?” ಅಂದರು.

ಫೋಟೊಗೆ ನಿಲ್ಲಿರಿ ಎಂದರೆ ಒಪ್ಪಲಿಲ್ಲ. ಕಮಾನಿನ ಬುಡಕ್ಕೆ ಅಂಗೈ ಇಟ್ಟು, ಇನ್ನೊಂದು ಕೈಯ ಬೆರಳು ಮೇಲೆತ್ತಿ ಒಂದು ಬದಿಯ ಕಲ್ಲುಗಳನ್ನು ಎಣಿಸತೊಡಗಿದರು. ಆಗ ಒತ್ತಿದ ಚಿತ್ರದಲ್ಲಿ ಅವರ ಮುಖ ಕಾಣುವುದಿಲ್ಲ. ಹಿಂದೆ ಪಾರ್ಸೆಲ್ ಹೊಲಿಯುವ ಒಬ್ಬರು ಸೂಜಿ ಹಿಡಿದ ಕೈ ನಿಲ್ಲಿಸಿ ಅವರು ಎಣಿಸುವುದನ್ನೇ ನೋಡುತ್ತಿದ್ದಾರೆ. ಅರ್ಧದಲ್ಲಿ ಲೆಕ್ಕ ತಪ್ಪಿತು, ಮತ್ತೆ ಬುಡದಿಂದ ಶುರು ಮಾಡಿದರು.