ಸ್ಥಿತಿಸ್ಥಾಪಕವೂ ಇಳಿಜಾರಿನ ಬೈಸಿಕಲ್ಲೂ

ತರ್ಕಸಂಗ್ರಹವನ್ನು ಪಾಠ ಹೇಳಿಸಿಕೊಂಡವರಿಗೆ ಸಂಸ್ಕಾರವೆಂಬ ಗುಣವು ಮೂರು ಬಗೆಯೆಂಬುದು ತಿಳಿದೇ ಇರುತ್ತದೆ. ವೇಗವೆಂಬುದೊಂದು, ಅನುಭವದಿಂದ ಹುಟ್ಟಿ ಮುಂದೆ ಸ್ಮರಣೆಗೆ ಕಾರಣವಾಗುವ ಭಾವನೆಯೆಂಬುದೊಂದು, ಬಗ್ಗಿಸಿದ ವಸ್ತುವನ್ನು ಮರಳಿ ಮೊದಲಿನ ನಿಲುವಿಗೆ ತರುವ ಸ್ಥಿತಿಸ್ಥಾಪಕವೆಂಬುದೊಂದು. ಈ ಕಡೆಯದಕ್ಕೆ ಅನ್ನಂಭಟ್ಟನು ಚಾಪೆಯ ನಿದರ್ಶನವನ್ನು ಕೊಟ್ಟಿದ್ದಾನೆ. ಬಹುಕಾಲ ಸುತ್ತಿಟ್ಟಿದ್ದ ಚಾಪೆಯನ್ನು ಹಾಸಿದರೆ ಅದು ತಾನಾಗಿಯೇ ಮತ್ತೆ ಸುತ್ತಿಕೊಳ್ಳುವುದನ್ನು ಕಾಣದ ಗೃಹಸ್ಥರುಂಟೆ? ಮೂವತ್ತು ವರ್ಷಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ಮನೆಗೆ ಬರುತ್ತಿದ್ದ ಒಬ್ಬಿಬ್ಬರಿಗೆ ಈ ಗ್ರಂಥವನ್ನೂ ಹೇಳುತ್ತ, ನಾನು ಆ ಚಾಪೆಯ ದೃಷ್ಟಾಂತವನ್ನೇ ಕೊಡುತ್ತ ಬಂದೆನು. ಈ ಮೂರು ಸಂಸ್ಕಾರಗಳೂ ಒಂದೇ ಪದಾರ್ಥದ ಸುತ್ತ ಸೇರಿ ನಮ್ಮ ಮನೆಯವರ ನಿದ್ದೆ ಕೆಡಿಸಿದ್ದು ನಾನು ನಿವೃತ್ತನಾದ ಮೇಲೆ. ಆ ಪದಾರ್ಥವು ಬೆಟ್ಟದ ಇಳಿಜಾರಿನಲ್ಲಿ ಓಡಿಸತಕ್ಕ ಬೈಸಿಕಲ್ಲು.

ನಮ್ಮ ಕೋಣನಕುಂಟೆಯಿಂದ ಕನಕಪುರದ ರಸ್ತೆಯಲ್ಲಿ ಮುಂದೆ ಹೋಗಿ ಪಡುವಲಿಗೆ ತಿರುಗಿದರೆ ತುರಹಳ್ಳಿಯ ಕಾಡು ಸಿಕ್ಕುತ್ತದೆ. ದೊಡ್ಡ ಕಾಡೇನೂ ಅಲ್ಲ. ನೀಲಗಿರಿಯ ಮರಗಳು, ಕುರುಚಲು ಗಿಡಗಳು, ಆನೆಗಳು ಮಲಗಿದಂತಿರುವ ಬಂಡೆಗಳು, ಗುಡ್ಡದ ಮೇಲೊಂದು ಶಿವಾಲಯ. 2021ರಲ್ಲಿ ಇದರೊಳಗೆ ವೃಕ್ಷೋದ್ಯಾನವೊಂದನ್ನು ರಚಿಸುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲೆಂದು ಸುತ್ತಲಿನ ಬಡಾವಣೆಗಳ ಜನ ಪ್ರತಿಭಟಿಸಿದರು. ಅದೇ ವರ್ಷದ ಜನವರಿಯಲ್ಲಿ ಮೆಟ್ರೋ ರೈಲು ಕೋಣನಕುಂಟೆ ಕ್ರಾಸಿನ ಮೇಲೆ ಹಾದುಹೋಗಲಾರಂಭಿಸಿತು. ಊರು ಇಷ್ಟು ಒತ್ತಿ ಬಂದಿರುವಾಗ, ಹುಡುಗರು ಕಲ್ಲುಮಣ್ಣಿನ ದಾರಿಯನ್ನು ಹುಡುಕಿಕೊಂಡು ಬೈಸಿಕಲ್ಲಿನಲ್ಲಿ ಆ ಕಾಡಿನ ಕಡೆಗೆ ಹೋಗುವುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಹಾಗೆ ಹೋಗುತ್ತಿದ್ದವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಇಂಜಿನಿಯರಿಂಗ್ ಓದು ಮುಗಿಸಿ ಜಯನಗರದಲ್ಲಿ ಕೆಲಸಕ್ಕೆ ಸೇರಿ, ಎರಡು ವರ್ಷದಿಂದ ನಮ್ಮಲ್ಲಿಯೇ ಇದ್ದಾನೆ. ತಂದೆಯಿಲ್ಲದ ಹುಡುಗ. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ಅವನ ತಂದೆ ಸ್ಕೂಟರಿನಲ್ಲಿ ಮಳೆಯೊಳಗೆ ಬರುತ್ತಿದ್ದವರು, ಸಕಲೇಶಪುರದ ಕಡೆಯ ಒಂದು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ತೀರಿಕೊಂಡರು. ನನ್ನ ತಂಗಿ ಹಾಸನದಲ್ಲಿ ಒಬ್ಬಳೇ ಇದ್ದು ಮಗನನ್ನು ಓದಿಸಿದಳು. ಓದು ಮುಗಿದ ಮೇಲೆ ನನ್ನ ವಶಕ್ಕೆ ಒಪ್ಪಿಸಿದಳು. ಆದುದರಿಂದ, ಹುಡುಗನು ಇಳಿಜಾರಿಗೆಂದೇ ಒಂದು ಗಾಡಿಯನ್ನು ಕಟ್ಟುತ್ತಾನೆಂಬ ಸುದ್ದಿ ಹಾಸನಕ್ಕೆ ಮುಟ್ಟಿದ ದಿನ ಟೆಲಿಫೋನಿನಲ್ಲಿ ಅವಳ ದನಿ ನಡುಗುತ್ತಿದ್ದುದಕ್ಕೆ ಯಾರೂ ಅವಳನ್ನು ಹಳಿಯಲಾರರು.

“ಅಣ್ಣ, ರಸ್ತೆಯ ಮೇಲೆ ಹೋಗುವುದಾದರೆ ಹೋಗಲಿ. ಇಳಿಯುವುದಕ್ಕೆಂದೇ ಗಾಡಿಯನ್ನು ಮಾಡುವುದೆಂದರೆ ಏನು? ನೀನು ಬೇಡವೆಂದರೆ ಅವನು ಕೇಳುತ್ತಾನೆ.”

ಅವನು ಕೇಳುತ್ತಾನೆಂಬುದು ನಿಜವೇ. ಅದಕ್ಕಾಗಿಯೇ ನಾನು ಕೂಡಲೆ ಬೇಡವೆನ್ನಲಿಲ್ಲ. ಗಾಡಿ ಸಿದ್ಧವಾಗಲು ತಿಂಗಳುಗಳು ಬೇಕು, ಅಷ್ಟರಲ್ಲಿ ವಿಚಾರಿಸಿ ಹೇಳುತ್ತೇನೆಂದು ತಂಗಿಗೆ ಮಾತು ಕೊಟ್ಟೆನು. ವಿಷಯವನ್ನು ತಿಳಿಯದೆ ನಿಷೇಧಿಸುವುದು ಉಪಾಧ್ಯಾಯನಾದವನಿಗೆ ಒಪ್ಪುವುದಲ್ಲ.

ವಿಚಾರಿಸಲಾಗಿ ತಿಳಿದುದು ಇದು. ಈ ಕ್ರೀಡೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1976ರ ಅಕ್ಟೋಬರಿನಲ್ಲಿ ಅಲ್ಲಿಯ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಬೆಟ್ಟದಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳ ಮೇಲೆ ಪಂದ್ಯ ಕಟ್ಟಿ ಕೆಳಗಿಳಿದರು. ಎರಡು ಮೈಲಿಯಷ್ಟು ದಾರಿಗೆ ಸುಮಾರು 1300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು ಕೆಳಗೆ ಬರುವಷ್ಟರಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸನ್ನು ತುಂಬಬೇಕಾಗಿದ್ದುದರಿಂದ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರು ಬಿದ್ದಿತು. ಆಗ ಸ್ಪ್ರಿಂಗಿನ ಫೋರ್ಕೆಂಬುದು ಅವರ ಗಾಡಿಗಳಲ್ಲಿ ಇರಲಿಲ್ಲ. ಮೋಟಾರ್ ಸೈಕಲ್ಲುಗಳ ಕೆಲಸವನ್ನು ಬಲ್ಲವನಾಗಿದ್ದ ಪಾಲ್ ಟರ್ನರ್ ಎಂಬಾತನು 1989ರಲ್ಲಿ ರಾಕ್ ಶಾಕ್ಸ್ ಎಂಬ ಹೆಸರಿನಲ್ಲಿ ಸುಮಾರು ಎರಡು ಅಂಗುಲ ಕುಗ್ಗುವ ಫೋರ್ಕನ್ನು ಮಾಡಿ ಮಾರಿದನು. ಮರುವರ್ಷ ಕೊಲರಾಡೋ ಪ್ರಾಂತದ ಡುರಾಂಗೋದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಇಳಿಜಾರಿನ ಓಟವನ್ನು ಗೆದ್ದ ಗ್ರೆಗ್ ಹರ್ಬೋಲ್ಡನ ಗಾಡಿಗೆ ಅಂಥಾ ಫೋರ್ಕೇ ಇದ್ದಿತು. ಈಗ ಆ ಎರಡು ಅಂಗುಲ ಎಂಟು ಅಂಗುಲವಾಗಿದೆ, ಅಂದರೆ 200 ಮಿಲಿಮೀಟರು. ಹಿಂದಿನ ಚಕ್ರಕ್ಕೂ ಅಷ್ಟೇ ಆಟ.

ಇನ್ನು ನಮ್ಮ ಹುಡುಗನ ಸಂಗತಿ. ಅವನಲ್ಲಿ ಮೊದಲು ಇದ್ದುದು ಅಂಗಡಿಯಲ್ಲಿ ಹದಿನೈದು ಸಾವಿರ ರೂಪಾಯಿಗೆ ಕೊಂಡ ಒಂದು ಗಾಡಿ. ಮುಂದೆಯೂ ಹಿಂದೆಯೂ ಸ್ಪ್ರಿಂಗು. ಮೈಮೇಲೆಲ್ಲ ಬೆಟ್ಟಗುಡ್ಡಗಳ ಹೆಸರಿನ ಚೀಟಿಗಳು. ಮಕ್ಕಳಿಗೆ ಇಂಥಾ ಗಾಡಿಗಳನ್ನು ಕೊಡಿಸುವ ತಂದೆತಾಯಿಗಳು ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು: ಅನೇಕ ಅಗ್ಗದ ಗಾಡಿಗಳ ಕೈಪಿಡಿಯಲ್ಲಿಯೇ, ನೆಗೆತಕ್ಕೂ ಕಡಿದಾದ ಇಳಿಜಾರಿಗೂ ಇದನ್ನು ಉಪಯೋಗಿಸಕೂಡದೆಂದು ಸಣ್ಣಕ್ಷರದಲ್ಲಿ ಅಚ್ಚುಹಾಕಿರುತ್ತದೆ. ಹೊರಗಿನ ಚೀಟಿಯನ್ನು ಎಲ್ಲರೂ ಓದುತ್ತಾರೆ, ಒಳಗಿನ ಅಕ್ಷರವನ್ನು ಓದುವವರಿಲ್ಲ.

ಆ ಗಾಡಿಗೆ 200 ಮಿಲಿಮೀಟರಿನ ದೊಡ್ಡ ಫೋರ್ಕನ್ನು ಜೋಡಿಸಬೇಕೆಂಬುದು ಹುಡುಗನ ಮೊದಲಿನ ಆಲೋಚನೆ. ನಾನೂ ಅವನ ಜೊತೆಗೆ ರಿಪೇರಿ ಅಂಗಡಿಗೆ ಹೋದೆನು. ಅಂಗಡಿಯ ಯಜಮಾನರು ನನ್ನ ವಯಸ್ಸಿನವರು. ಒಪ್ಪಿದ್ದರೆ ನಾಲ್ಕು ಕಾಸು ಸಂಪಾದಿಸಬಹುದಾಗಿತ್ತು. ಅವರು ಫ್ರೇಮಿನ ಕುತ್ತಿಗೆಯ ಬೆಸುಗೆಯನ್ನು ಬೆರಳಿನಿಂದ ತಟ್ಟಿ, “ಮೇಷ್ಟ್ರೇ, ಇದು ಇಷ್ಟುದ್ದದ ಫೋರ್ಕಿಗೆ ಹುಟ್ಟಿದ್ದಲ್ಲ. ನಾನು ಹಾಕುವುದಿಲ್ಲ” ಎಂದುಬಿಟ್ಟರು. ಕಾರಣವನ್ನು ಹುಡುಗನೇ ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದನು. ಫೋರ್ಕು 20 ಮಿಲಿಮೀಟರು ಉದ್ದವಾದರೆ ಗಾಡಿಯ ಕುತ್ತಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ಒರಗುತ್ತದೆ. ಎಪ್ಪತ್ತು ಎಂಬತ್ತು ಮಿಲಿಮೀಟರು ಉದ್ದವಾದರೆ ನಾಲ್ಕು ಡಿಗ್ರಿ. ಪೆಡಲು ಮೇಲಕ್ಕೇರುತ್ತದೆ, ಸವಾರನ ಭಾರ ಹಿಂದಕ್ಕೆ ಸರಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಉದ್ದದ ಫೋರ್ಕು ಹಾರೆಯಂತೆ ಕುತ್ತಿಗೆಯ ಬೆಸುಗೆಯನ್ನು ಮೀಟುತ್ತದೆ. ಬೆಸುಗೆ ಬಿಟ್ಟರೆ ಮುಂದಿನ ಚಕ್ರವೇ ಬೇರೆ, ಸವಾರನೇ ಬೇರೆ. ವ್ಯಾಪಾರವನ್ನು ಕಳೆದುಕೊಂಡು ನಿಜವನ್ನು ಹೇಳಿದ ಆ ಯಜಮಾನರಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕಾರ ಮಾಡಿದೆನು.

ಆದುದರಿಂದ ಮೊದಲು ಬೇಕಾದದ್ದು ತಕ್ಕ ಫ್ರೇಮು. ಇದು ಹೊಸದಾಗಿ ಬೇಕೆಂದರೆ ನಮ್ಮಂಥವರಿಗೆ ನಿಲುಕುವುದಲ್ಲ. ಒಳ್ಳೆಯ ಹೊಸ ಫೋರ್ಕೊಂದೇ ಲಕ್ಷ ರೂಪಾಯಿಯನ್ನು ಮೀರುತ್ತದೆ. ಆದರೆ ಈ ಲೋಕದಲ್ಲಿ ಪದಾರ್ಥಗಳು ಬೇಗ ಹಳತಾಗುವುದು ಬಡವನ ಪಾಲಿಗೆ ಅನುಕೂಲವಾಗಿ ಪರಿಣಮಿಸಿದೆ. ಮೊದಲು ಚಕ್ರಗಳು 26 ಅಂಗುಲದವು, ಅನಂತರ 27.5 ಬಂದಿತು, 2017ರಲ್ಲಿ 29 ಅಂಗುಲದವು ವಿಶ್ವಕಪ್ಪಿನ ಇಳಿಜಾರಿನ ಪಂದ್ಯಕ್ಕೂ ಬಂದವು. ಅಂದಿನಿಂದ 26 ಅಂಗುಲದ ದೃಢವಾದ ಗಾಡಿಗಳನ್ನು ಕೇಳುವವರಿಲ್ಲ. ಪರದೇಶಕ್ಕೆ ಹೊರಟಿದ್ದ ಒಬ್ಬ ಗೃಹಸ್ಥರಿಂದ ಹುಡುಗನು ಅಂಥಾ ಒಂದು ಫ್ರೇಮನ್ನೂ, ಅದರ ಹಿಂದಿನ ಶಾಕ್ ಅಬ್ಸಾರ್ಬರನ್ನೂ, ಬಾಕ್ಸರ್ ಎಂಬ ಹೆಸರಿನ ಎರಡು ಕಿರೀಟದ ಹಳೆಯ ಫೋರ್ಕನ್ನೂ ಒಟ್ಟಿಗೆ ಕೊಂಡು ತಂದನು. ಫೋರ್ಕಿನ ಒಳಗೊಳವೆಗಳು 35 ಮಿಲಿಮೀಟರು ದಪ್ಪ. ನಮ್ಮ ಹಿತ್ತಲಿನ ನೀರಿನ ಕೊಳಾಯಿಗಿಂತ ದಪ್ಪವೆಂದು ನನ್ನ ಹೆಂಡತಿ ಅಳತೆ ಮಾಡಿ ಹೇಳಿದಳು.

ಈಗ ಸ್ಥಿತಿಸ್ಥಾಪಕದ ಮಾತು. ಹಿಂದಿನ ಶಾಕಿಗೆ ಸುತ್ತಿದ್ದ ಉಕ್ಕಿನ ಸ್ಪ್ರಿಂಗಿನ ಮೇಲೆ 450 ಎಂದು ಬರೆದಿತ್ತು. ಅದನ್ನು ಒಂದು ಅಂಗುಲ ಕುಗ್ಗಿಸಲು 450 ಪೌಂಡು ಭಾರ ಬೇಕೆಂದು ಅದರ ಅರ್ಥ. ಮೊದಲಿನ ಯಜಮಾನರು ಸ್ಥೂಲಕಾಯರು. ನಮ್ಮ ಹುಡುಗ 62 ಕಿಲೋ. ಸವಾರನು ಸುಮ್ಮನೆ ಕುಳಿತಾಗಲೇ ಈ ಗಾಡಿಯ ಹಿಂಭಾಗ ತನ್ನ ಆಟದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವತ್ತರಷ್ಟು ತಗ್ಗಬೇಕು. ಹಾಗಿದ್ದರೆ ಮಾತ್ರ ದಾರಿಯಲ್ಲಿ ಹಳ್ಳ ಬಂದಾಗ ಚಕ್ರವು ಕೆಳಕ್ಕೆ ಇಳಿದು ನೆಲವನ್ನು ಬಿಡದೆ ಇರುತ್ತದೆ. ಒಂದು ಸಂಜೆ ನಮ್ಮ ನಡುಮನೆಯಲ್ಲಿ ಇದರ ಪರೀಕ್ಷೆ ನಡೆಯಿತು. ಹುಡುಗನು ಶಿರಸ್ತ್ರಾಣ, ಮೊಣಕಾಲಿನ ಕವಚ, ಬೂಟು ಎಲ್ಲವನ್ನೂ ಧರಿಸಿ, ಕುರುಕ್ಷೇತ್ರಕ್ಕೆ ಹೊರಟವನಂತೆ ಗಾಡಿಯನ್ನೇರಿ ಗೋಡೆಯನ್ನು ಹಿಡಿದು ಕುಳಿತನು. ಶಾಕಿನ ಕಂಬಿಗೆ ತೊಡಿಸಿದ ರಬ್ಬರಿನ ಬಳೆ ಎಷ್ಟು ಸರಿಯಿತೆಂದು ನಾನು ಸ್ಕೂಲಿನ ಅಡಿಕೋಲಿನಿಂದ ಅಳೆದೆನು. 76 ಮಿಲಿಮೀಟರಿನಲ್ಲಿ 15 ಮಾತ್ರ! ಬೇಕಾದದ್ದು 23.

“ಮಾವ, ಚಕ್ರ 200 ಮಿಲಿಮೀಟರು ಆಡಿದಾಗ ಶಾಕು ಆಡುವುದು 76. ಅಂದರೆ ಚಕ್ರದ ಮೇಲಿನ ಭಾರ ಸ್ಪ್ರಿಂಗಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿ ಬೀಳುತ್ತದೆ. ಲೆಕ್ಕ ಹಾಕಿ ನೋಡಿ” ಎಂದನು. ನಾನು ಹಾಕಿದೆನು, ನನ್ನ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆಯ ಹಾಳೆಯಲ್ಲಿ ಹಾಕಿದಳು. ಇಬ್ಬರಿಗೂ 300ರ ಹತ್ತಿರ ಬಂದಿತು. 300ರ ಸ್ಪ್ರಿಂಗನ್ನು ತರಿಸಿ ಹಾಕಿದ ಮೇಲೆ ಬಳೆ 22ಕ್ಕೆ ನಿಂತಿತು. ಅಂದು ರಾತ್ರಿ ಊಟಕ್ಕೆ ಪಾಯಸವಿತ್ತು. ಕಾರಣವನ್ನು ಯಾರೂ ಹೇಳಲಿಲ್ಲ.

ಆದರೆ ಸ್ಪ್ರಿಂಗೊಂದೇ ಇದ್ದರೆ ಅದು ಉಪಕಾರಿಯಲ್ಲ, ವೈರಿ. ಕುಗ್ಗಿದ ಸ್ಪ್ರಿಂಗು ತಾನು ನುಂಗಿದ ಬಲವನ್ನೆಲ್ಲ ಹಿಂದಕ್ಕೆ ಕೊಟ್ಟೇ ತೀರುತ್ತದೆ; ಬಂಡೆಯಿಂದ ಇಳಿದೊಡನೆ ಸವಾರನನ್ನು ತಲೆಯ ಮೇಲಾಗಿ ಎಸೆಯಬಲ್ಲದು. ಬ್ಯಾಂಕುಗಳಲ್ಲಿ ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ವಾಚಕರು ನೋಡಿದ್ದಾರಷ್ಟೆ. ಬಾಗಿಲನ್ನು ಎಳೆಯುವುದು ಸ್ಪ್ರಿಂಗು. ಅದು ದಢಾರನೆ ಬಡಿಯದಂತೆ ತಡೆಯುವುದು ಒಳಗಿನ ಎಣ್ಣೆ. ಇಲ್ಲಿಯೂ ಹಾಗೆಯೇ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳಬೇಕಾಗಿ ಬಂದು, ಬಲದ ಬಹುಭಾಗವು ಶಾಖವಾಗಿ ಕಳೆದುಹೋಗುತ್ತದೆ. ರಂಧ್ರವನ್ನು ಹಿರಿದು ಕಿರಿದು ಮಾಡಲು ಒಂದು ಸಣ್ಣ ತಿರುಪು ಇದೆ. ತೀರ ಸಡಿಲಿಸಿದರೆ ಗಾಡಿ ಕುದುರೆಯಂತೆ ನೆಗೆಯುತ್ತದೆ. ತೀರ ಬಿಗಿ ಮಾಡಿದರೆ ಒಂದು ಕಲ್ಲಿನಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಕಲ್ಲು ಬಂದು, ಫೋರ್ಕು ತಗ್ಗುತ್ತ ತಗ್ಗುತ್ತ ಕಡೆಗೆ ಕಟ್ಟಿಗೆಯಂತಾಗುತ್ತದೆ. ಅಗ್ಗದ ಗಾಡಿಗಳಲ್ಲಿ ಸ್ಪ್ರಿಂಗು ಉಂಟು, ಎಣ್ಣೆಯ ಈ ಏರ್ಪಾಡು ಬಹುಮಟ್ಟಿಗೆ ಇಲ್ಲ. ಅನ್ನಂಭಟ್ಟನ ಚಾಪೆಗೂ ಎಣ್ಣೆಯಿಲ್ಲ. ಆದರೆ ಚಾಪೆಯ ಮೇಲೆ ಕುಳಿತು ಯಾರೂ ಬೆಟ್ಟ ಇಳಿಯುವುದಿಲ್ಲ.

ಹಳೆಯ ಫೋರ್ಕನ್ನು ಬಿಚ್ಚಿ, ಧೂಳಿನ ಸೀಲುಗಳನ್ನು ಬದಲಿಸಿ, ಎಣ್ಣೆಯನ್ನು ಅಳೆದು ತುಂಬಲು ಎರಡು ಭಾನುವಾರ ಹಿಡಿಯಿತು. ಮುಂದಿನ ತಿಂಗಳ ಸಂಬಳದಲ್ಲಿ ಬೇರೊಂದು ಹೊಸ ಶಾಕನ್ನು ತರುವ ಆಸೆ ಹುಡುಗನಿಗಿದ್ದಿತು. ಇಲ್ಲಿ ಮಾತ್ರ ನಾನು ಮಧ್ಯೆ ಬಂದೆನು. ಇದ್ದ ಶಾಕು ಕೆಲಸಮಾಡುತ್ತಿತ್ತು. ಗಾಡಿಯೊಡನೆ ಬಂದ ಬ್ರೇಕಿನ ಮುಂದಿನ ಹಿಡಿ ಮೆತ್ತಗೆ ಹಿಡಿಕೆಯ ತನಕ ಬರುತ್ತಿತ್ತು. ಮೊದಲು ಬ್ರೇಕು, ಆಮೇಲೆ ಟೈರು, ಆಮೇಲೆ ಉಳಿದದ್ದೆಂದು ಹೇಳಿದೆನು. ಅವನು ಸ್ವಲ್ಪ ಹೊತ್ತು ಮುಖ ದಪ್ಪ ಮಾಡಿಕೊಂಡಿದ್ದು, ನಾಲ್ಕು ಪಿಸ್ಟನ್ನಿನ ಬ್ರೇಕನ್ನೂ 203 ಮಿಲಿಮೀಟರಿನ ಡಿಸ್ಕುಗಳನ್ನೂ ತಂದನು. ಮುಖ, ಗದ್ದಗಳನ್ನೂ ಮುಚ್ಚುವ ಶಿರಸ್ತ್ರಾಣವನ್ನು ಅವನ ಅತ್ತೆಯೇ ಕೊಡಿಸಿದಳು.

ಇಷ್ಟಾದ ಮೇಲೂ, ತುರಹಳ್ಳಿಯ ಗುಡ್ಡಕ್ಕೆ ಎಂಟು ಅಂಗುಲದ ಆಟ ಏತಕ್ಕೆಂದು ನಾನು ಕೇಳದೆ ಬಿಡಲಿಲ್ಲ. ಅವನೂ ಒಪ್ಪಿದನು. ಅಲ್ಲಿಗೆ ಇದರ ಅರ್ಧವೂ ಸಾಕು. ಹದಿನೇಳು ಕಿಲೋ ತೂಗುವ ಈ ಗಾಡಿಯನ್ನು ತುಳಿದುಕೊಂಡು ಗುಡ್ಡ ಹತ್ತುವುದೇ ಒಂದು ಪ್ರಾಯಶ್ಚಿತ್ತ. ಅವನ ಮನಸ್ಸೆಲ್ಲ ಮೂಡಿಗೆರೆಯ ಕಡೆ, ಸ್ನೇಹಿತನೊಬ್ಬನ ಮನೆಯವರ ಕಾಫಿತೋಟದೊಳಗಿನ ಇಳಿಜಾರಿನಲ್ಲಿದ್ದಿತು. ಅದಕ್ಕೆ ತಾಯಿಯ ಅಪ್ಪಣೆಯಾಗದೆ ಹೋಗುವುದಿಲ್ಲವೆಂದು ತಾನಾಗಿಯೇ ಹೇಳಿದನು.

ದೀಪಾವಳಿಗೆ ನನ್ನ ತಂಗಿ ಬಂದಳು. ಜಗಲಿಯ ಮೇಲೆ ಹಳೆಯ ಸೀರೆಯನ್ನು ಹಾಸಿ ಗಾಡಿಯನ್ನು ನಿಲ್ಲಿಸಿದ್ದಿತು. ಎರಡು ದಿನ ಅವಳು ಅದರ ಕಡೆಗೆ ತಿರುಗಿ ನೋಡಲಿಲ್ಲ. ಹೂವು ಬಿಡಿಸಲು ಅತ್ತ ಹೋಗಬೇಕಾದರೂ ಹಿತ್ತಲಿನಿಂದ ಸುತ್ತಿಕೊಂಡು ಹೋದಳು. ಮೂರನೆಯ ದಿನ ಬೆಳಗ್ಗೆ ನಾನು ಪತ್ರಿಕೆ ಓದುತ್ತ ಕುಳಿತಿದ್ದಾಗ ಬಂದು ಗಾಡಿಯ ಮುಂದೆ ನಿಂತಳು. ಹುಡುಗನು ಫೋರ್ಕನ್ನು ಒತ್ತಿ ತೋರಿಸಿದನು. ಅವಳ ಕೈಯಿಂದಲೂ ಒತ್ತಿಸಿದನು. ಅದು ನಿಧಾನವಾಗಿ ಮೇಲಕ್ಕೆ ಬಂದಿತು.

“ಇದಿರಲಿ, ನಿಲ್ಲಿಸುವುದು ಯಾವುದು?”

ಅವನು ಹಿಡಿಯನ್ನು ತೋರಿಸಿದನು. ಅವಳು ಎರಡು ಕೈಯಿಂದ ಅದನ್ನು ಅದುಮಿ, ಗಾಡಿಯನ್ನು ಮುಂದಕ್ಕೆ ನೂಕಿ ನೋಡಿದಳು. ಅಲುಗಲಿಲ್ಲ. ಇನ್ನೊಮ್ಮೆ ನೂಕಿದಳು.

“ಇದರೊಳಗೆ ಸವೆಯುವುದು ಏನಾದರೂ ಉಂಟೋ?”

“ಪ್ಯಾಡುಗಳು ಸವೆಯುತ್ತವೆ ಅಮ್ಮ. ಇಳಿಜಾರು ಉದ್ದವಾದರೆ ಬೇಗ.”

“ಮೂಡಿಗೆರೆಗೆ ಹೋಗುವಾಗ ಎರಡು ಜೊತೆ ಹೊಸದು ತೆಗೆದುಕೊಂಡು ಹೋಗು” ಎಂದು ಹೇಳಿ ಅವಳು ಹೂವಿನ ಬುಟ್ಟಿಯನ್ನೆತ್ತಿಕೊಂಡು ಒಳಕ್ಕೆ ಹೋದಳು.