ಹಲಸೂರು ದಡದಲ್ಲೊಂದು ಬ್ಯಾಟರಿ ಪಾಠ

ಮಹಾತ್ಮ ಗಾಂಧಿ ರಸ್ತೆಯ ಪೂರ್ವ ತುದಿಯ ಟ್ರಿನಿಟಿ ವೃತ್ತದಿಂದ ಕಾಲ್ನಡಿಗೆಯಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಹಲಸೂರು ಕೆರೆ ಎದುರಾಗುತ್ತದೆ. ನಡುವೆ ಹಸಿರು ನಡುಗಡ್ಡೆಗಳು, ಒಂದು ಮಗ್ಗುಲಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೇನಾ ಕೇಂದ್ರ, ಇನ್ನೊಂದೆಡೆ ಗುರುದ್ವಾರ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಕೆರೆ ಸೊರಗಿದರೆ ದೋಣಿ ದಡ ಸೇರುತ್ತದೆ. ದಡ ಸೇರಿದ ಮೋಟಾರು ದೋಣಿಯಲ್ಲಿ ಮೊದಲು ಕೈಕೊಡುವುದು ಬ್ಯಾಟರಿ.

ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಸುಮಾರು 2 ವೋಲ್ಟಿನ ಆರು ಸೆಲ್ಲುಗಳು ಸೇರಿದರೆ 12 ವೋಲ್ಟ್. ಸುಮ್ಮನೆ ಇಟ್ಟರೂ ಅದು ತಾನಾಗಿ ಬರಿದಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಆಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಬಿಡುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ.

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಹಳೆಯ ಬಿಡಿಭಾಗಗಳಿಗೆ ಹೆಸರಾದ ಶಿವಾಜಿನಗರ ಹತ್ತಿರವೇ ಇದೆ. ಬಲ್ಲ ಮೆಕ್ಯಾನಿಕ್‌ನ ಕ್ರಮ ಹೀಗೆ: ಟರ್ಮಿನಲ್ಲುಗಳ ಕಿಲುಬನ್ನು ಅಡುಗೆ ಸೋಡಾ ನೀರಿನಿಂದ ತೊಳೆಯುವುದು, ಆ ನೀರು ಸೆಲ್ಲಿನೊಳಗೆ ಇಳಿಯಕೂಡದು. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕುವುದು. ಆಮ್ಲ ಸೇರಿಸಬಾರದು, ಏಕೆಂದರೆ ಆವಿಯಾಗಿ ಹೋದದ್ದು ನೀರು ಮಾತ್ರ. ಬಳಿಕ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 5 ಆಂಪಿಯರಿನಂತೆ ನಿಧಾನವಾಗಿ ಒಂದೆರಡು ದಿನ ಚಾರ್ಜ್. ಆಗ ಹೈಡ್ರೋಜನ್ ಹೊಮ್ಮುವುದರಿಂದ ಗಾಳಿಯಾಡುವ ಜಾಗ ಬೇಕು. ಹತ್ತಿರ ಬೆಂಕಿ, ಬೀಡಿ ಸಲ್ಲದು. ಕೊನೆಗೆ ಹೈಡ್ರೋಮೀಟರ್ ಪರೀಕ್ಷೆ. ಎಲ್ಲ ಸೆಲ್ಲುಗಳೂ 1.25ರ ಸುಮಾರಿಗೆ ಬಂದರೆ ಗೆದ್ದಂತೆ. ಐದು ಮೇಲೇರಿ ಒಂದು ಕೆಳಗೇ ಉಳಿದರೆ ಆ ಬ್ಯಾಟರಿಯ ಆಸೆ ಬಿಡಬೇಕು.

ಇಂದಿರಾನಗರ ದಾಟಿ ಪೂರ್ವಕ್ಕೆ ಸಾಗಿದರೆ ಕೆ.ಆರ್. ಪುರ. ಅಲ್ಲಿನ ದೂರವಾಣಿನಗರದಲ್ಲಿ 1948ರಲ್ಲಿ ಹುಟ್ಟಿದ ಐಟಿಐ, ದೇಶಕ್ಕೆ ಟೆಲಿಫೋನ್ ಉಪಕರಣ ಒದಗಿಸಿದ ಸಂಸ್ಥೆ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಆಧಾರ ಇದೇ ಜಾತಿಯ ಬ್ಯಾಟರಿ: 2 ವೋಲ್ಟಿನ 24 ಸೆಲ್ಲುಗಳ ಸಾಲು. ಕರೆಂಟು ಹೋದರೂ ಫೋನು ಮಾತಾಡುತ್ತಿದ್ದುದು ಅದರಿಂದಲೇ. ಅವು ವರ್ಷಾನುಗಟ್ಟಲೆ ಬಾಳಿದ್ದು ಶಿಸ್ತಿನಿಂದ: ಸದಾ ಚಾರ್ಜಿನಲ್ಲಿಟ್ಟು, ತಪ್ಪದೆ ಅಳೆದು, ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದೋಣಿಗೂ ಮನೆಯ ಇನ್ವರ್ಟರಿಗೂ ಇದೇ ಮದ್ದು. ಬಳಸದಿದ್ದರೂ ತಿಂಗಳಿಗೊಮ್ಮೆ ನೀರು ನೋಡಿ ಚಾರ್ಜ್ ಮಾಡಬೇಕು.

ಇನ್ನು ಹೆತ್ತವರಿಗೊಂದು ಮಾತು. ಸತ್ತ ಬ್ಯಾಟರಿಯನ್ನು ಮನೆಯ ಮೂಲೆಯಲ್ಲಿಡಬೇಡಿ. ಯಾರೋ ಒಡೆದು ಬಯಲಲ್ಲಿ ಕರಗಿಸುವಂತೆ ಮಾರಲೂಬೇಡಿ. ಸೀಸದ ಹೊಗೆ, ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. 1999ರ ಫೆಬ್ರುವರಿಯಲ್ಲಿ ಸೀಸದ ವಿಷ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಇದೇ ಬೆಂಗಳೂರಿನಲ್ಲಿ. ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಹಳೆಯ ಬ್ಯಾಟರಿಯ ಸೀಸ ಮಾತ್ರ ಈಗಲೂ ನಮ್ಮ ನಡುವೆಯೇ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರಿಗೆ ಹೊರಿಸಿವೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಧಿಕೃತ ಅಂಗಡಿಗೇ ಒಪ್ಪಿಸಿ ರಸೀದಿ ಪಡೆಯಿರಿ.