ತಿರುಗುವ ಛತ್ರಿ

ನಿವೃತ್ತಿಗೆ ಒಂದೆರಡು ವರ್ಷ ಉಳಿದಿರುವಾಗ ಹೆಡ್‌ಮಾಸ್ತರರಿಗೆ ಇದೆಂತಹ ಹುಚ್ಚು ಎಂದು ಊರವರು ಆಡಿಕೊಂಡದ್ದುಂಟು. ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮನೆಮನೆಗೂ ಎರಡಡಿಯ ಛತ್ರಿ ಇದೆ. ಮಕ್ಕಳ ಕೈಯಲ್ಲಿ ಮೊಬೈಲಿದೆ. ಹೀಗಿರುವಾಗ ಮೋಟಾರಿನಿಂದ ತಿರುಗುವ ಆರಡಿಯ ಡಿಶ್ಶನ್ನು ಹುಡುಕಿಕೊಂಡು ನಾನು ಸೊಲ್ಲಾಪುರದ ನವಿ ಪೇಠೆಗೆ ಮೂರು ಸಲ ಹೋಗಿಬಂದೆ.

ಇದರ ಬೇರು 1975ರಲ್ಲಿದೆ. ನನಗಾಗ ಆರು ವರ್ಷ. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆ ವರ್ಷದ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ತೋರಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಮಹಾರಾಷ್ಟ್ರ ಆ ಪಟ್ಟಿಯಲ್ಲಿರಲಿಲ್ಲ. ಗಡಿಗಲ್ಲಿನ ಆಚೆ ಆಕಾಶದಿಂದ ಕನ್ನಡ ಇಳಿಯುತ್ತಿತ್ತು. ಈಚೆ, ಅದೇ ಮಾತನಾಡುವ ನಮ್ಮ ಅಂಗಳಕ್ಕೆ ಇಳಿಯಲಿಲ್ಲ. ನಾನು ಅದನ್ನು ಕಂಡದ್ದು ಅಫಜಲಪುರ ತಾಲೂಕಿನ ಸೋದರಮಾವನ ಊರಿನಲ್ಲಿ. ಶಾಲೆಯ ಮಗ್ಗುಲಲ್ಲಿ ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯ ಹತ್ತಡಿ ಅಗಲದ ಛತ್ರಿ, ಹೆಚ್ಚುಕಡಿಮೆ ಪಡುವಣಕ್ಕೆ ಮುಖಮಾಡಿ ನಿಂತಿತ್ತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ನೆಲದ ಮೇಲೆ ಕುಳಿತು ನೋಡಿದ ಆ ಬೆಳಕು ಇಂದಿಗೂ ಕಣ್ಣಿನಲ್ಲಿದೆ.

1976ರ ಜುಲೈ 31ಕ್ಕೆ ಅದು ಮುಗಿಯಿತು. ಅಮೆರಿಕದವರು ತಮ್ಮ ಉಪಗ್ರಹವನ್ನು ಸರಿಸಿಕೊಂಡರು. ಮುಂದಿನ ದೀಪಾವಳಿಗೆ ಹೋದಾಗ ಛತ್ರಿ ಮಾತ್ರ ಅಲ್ಲೇ ಇತ್ತು, ಬಳ್ಳಿಯೊಂದು ಕಂಬವನ್ನು ಹತ್ತಿತ್ತು. “ಮಾಮಾ, ಅದು ಎತ್ತ ಹೋತೋ ಅತ್ತ ಇದನ್ನ ತಿರುಗಿಸಾಕ ಬರೂದಿಲ್ಲೇನು?” ಎಂದು ಕೇಳಿದ್ದೆ. ಮಾವ ನಕ್ಕು ಸುಮ್ಮನಾದರು. ಅದು ಕ್ರಮೇಣ ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಯಿತೆಂದೂ, ಎಷ್ಟು ತಿರುಗಿಸಿದರೂ ಸಿಗುತ್ತಿರಲಿಲ್ಲವೆಂದೂ ತಿಳಿದದ್ದು ಶಿಕ್ಷಕರ ತರಬೇತಿ ಕಾಲೇಜಿನ ಗ್ರಂಥಾಲಯದಲ್ಲಿ. ಆದರೂ ತಿರುಗುವ ಛತ್ರಿಯ ಆಸೆ ಉಳಿದುಬಿಟ್ಟಿತು.

ನವಿ ಪೇಠೆಯ ಅಂಗಡಿಯವರು ಪ್ರಾಮಾಣಿಕರು. ಮರಾಠಿ, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಸೊಲ್ಲಾಪುರದವರು. “ಸರ, ಬಿಬಿಸಿ, ಜಪಾನ್ ಎಲ್ಲಾ ಫೋನಿನ್ಯಾಗ ಬರ್ತಾವ. ಮ್ಯಾಲಿನ ಚಾನೆಲ್‌ಗಳಿಗಿ ಈಗ ಭಾಳಷ್ಟಕ್ಕ ಕೀಲಿ ಹಾಕ್ಯಾರ. ಯಾಕ ರೊಕ್ಕ ಹಾಳ ಮಾಡ್ತೀರಿ?” ಎಂದರು. ನನ್ನ ಹಠವನ್ನು ಕಂಡ ಮೇಲೆಯೇ ಗೋದಾಮಿನ ಬಾಗಿಲು ತೆರೆದದ್ದು.

ಆಯ್ಕೆಯಲ್ಲಿ ನಾನು ಕಲಿತದ್ದನ್ನು ಹೇಳುವೆ. ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವುದರಿಂದ ನಮಗೆ ನಿಂತಂತೆ ತೋರುತ್ತವೆ. ನಮ್ಮೂರಿನಿಂದ ಅವು ದಕ್ಷಿಣದಲ್ಲಿ ಬಿಲ್ಲಿನಂತೆ ಬಾಗಿದ ಸಾಲು. ನೇರ ದಕ್ಷಿಣದಲ್ಲಿ ಸುಮಾರು 69 ಅಂಶ ಎತ್ತರ, ಮೂಡಣ ಪಡುವಣಗಳಿಗೆ ಹೋದಂತೆ ಇಳಿಜಾರು. ಛತ್ರಿ ಆ ಬಿಲ್ಲಿನ ಗುಂಟ ಜಾರಬೇಕಾದರೆ ಅದು ತಿರುಗುವ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ, ಧ್ರುವನಕ್ಷತ್ರದ ಕಡೆಗೆ ವಾಲಿರಬೇಕು. ಆದುದರಿಂದ ಮೋಟಾರಿಗಿಂತ ಕಂಬವೇ ಮುಖ್ಯ. ಕಂಬ ಕೂದಲೆಳೆಯಷ್ಟು ಓರೆಯಾದರೂ ಒಂದು ತುದಿಯ ಉಪಗ್ರಹ ಸಿಕ್ಕಿ ಇನ್ನೊಂದು ತುದಿಯದು ತಪ್ಪುತ್ತದೆ. ಗೌಂಡಿಯ ಓಳಂಬ ಹಿಡಿದು, ನಡುಹಗಲಿನ ನೆರಳಿನಿಂದ ದಕ್ಷಿಣವನ್ನು ಗೊತ್ತುಮಾಡಿ, ಒಂದು ಕಂಬಕ್ಕೆ ಎರಡು ಭಾನುವಾರ ಹಿಡಿಯಿತು.

ಮೂರಡಿಯ ಛತ್ರಿಯನ್ನು ಹೊರುವ ಚಿಕ್ಕ ಮೋಟಾರು ಆರಡಿಯದನ್ನು ಹೊರದು. ಅದಕ್ಕೆ ಉದ್ದಕ್ಕೆ ಚಾಚಿ ಕುಗ್ಗುವ ಉಕ್ಕಿನ ತೋಳೇ ಬೇಕು. 18 ಇಂಚಿನದನ್ನು ಬಿಟ್ಟು 24 ಇಂಚಿನದನ್ನು ಕೊಂಡೆ. ತುಂಬು ತಗಡಿನ ಛತ್ರಿಗಿಂತ ಬಲೆಯದೇ ನಮಗೆ ಯುಕ್ತ, ಏಕೆಂದರೆ ಮೇ ತಿಂಗಳ ಬಿರುಗಾಳಿ ಅದರೊಳಗಿಂದ ದಾಟಿಹೋಗುತ್ತದೆ. (ಹತ್ತಡಿಯ ಆ ಹಳೆಯ ಬಲೆಯ ನೆನಪೂ ಇದಕ್ಕೆ ಕಾರಣವಿರಬಹುದು.) ಮಾಳಿಗೆಯ ಮೇಲ್ಮುದ್ದೆಗೆ ಕಂಬ ಹುಗಿದರೆ ಮಳೆಗಾಲದಲ್ಲಿ ಮನೆ ಸೋರುವುದು ಖಂಡಿತ; ಆದುದರಿಂದ ಹಿತ್ತಲೇ ಗತಿ. ಅಲ್ಲಿ ಪಡುವಣಕ್ಕೆ ಅಪ್ಪ ನೆಟ್ಟ ಬೇವಿನ ಮರ. ಅದರ ಒಂದು ಟೊಂಗೆಯನ್ನೂ ಕಡಿಯಲು ಅವ್ವ ಒಪ್ಪಲಿಲ್ಲ.

“ಇದರಾಗ ಕನ್ನಡ ಬರ್ತದೇನೋ ತಮ್ಮಾ?” ಎಂದು ಕೇಳಿದವಳೂ ಅವಳೇ. ಅವಳಿಗೆ ಬೇಕಾದ ಚಂದನ ವಾಹಿನಿ, ಮನೆಯಲ್ಲಿರುವ ಚಿಕ್ಕ ಛತ್ರಿಯಲ್ಲಿ, 93.5 ಅಂಶ ಪೂರ್ವದ ಜಿಸ್ಯಾಟ್-15ರಿಂದ ಬರುವ ದೂರದರ್ಶನದ ಫ್ರೀ ಡಿಶ್‌ನಲ್ಲಿ, ತಿಂಗಳ ಬಾಡಿಗೆಯಿಲ್ಲದೆ ಬರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳಿಗೆ ಟಿ.ವಿ.ಯಲ್ಲಿ ಕನ್ನಡದ ಪಾಠ ಸಿಕ್ಕಿದ್ದು ಆ ಚಂದನದಿಂದಲೇ. ಆ ಪಾಠಗಳು ಕರ್ನಾಟಕದ ಪಠ್ಯದವು. ನಮ್ಮ ಮಕ್ಕಳ ಕೈಯಲ್ಲಿದ್ದುದು ಬಾಲಭಾರತಿಯ ಕನ್ನಡ ಪುಸ್ತಕ. ಲೆಕ್ಕ ಹೊಂದಿಕೊಂಡಿತು, ಇತಿಹಾಸ ಹೊಂದಲಿಲ್ಲ. ಶಿವಾಜಿ ಮಹಾರಾಜರ ಪಾಠವನ್ನು ಓದಬೇಕಾದ ನಾಲ್ಕನೆಯ ತರಗತಿಯ ಹುಡುಗ, ಟಿ.ವಿ.ಯ ಮಾಸ್ತರು ತನ್ನ ಪುಸ್ತಕದ ಪುಟವನ್ನು ಏಕೆ ಹೇಳುವುದಿಲ್ಲವೆಂದು ನನ್ನನ್ನು ಕೇಳಿದ. ಆಗಲೂ ನನ್ನಲ್ಲಿ ಉತ್ತರವಿರಲಿಲ್ಲ. ಛತ್ರಿಯನ್ನು ಎತ್ತ ತಿರುಗಿಸಿದರೂ ಆ ಪುಟ ಸಿಗುವಂತಿರಲಿಲ್ಲ.

ಈಗ ಭಾನುವಾರ ಏಳನೆಯ ತರಗತಿಯ ಮಕ್ಕಳು ಹಿತ್ತಲಿಗೆ ಬರುತ್ತಾರೆ. ಗುಂಡಿ ಒತ್ತಿದರೆ ತೋಳು ಗುರ್ರೆಂದು ಚಾಚುತ್ತದೆ, ಛತ್ರಿ ನಿಧಾನವಾಗಿ ಮುಖ ತಿರುಗಿಸುತ್ತದೆ, ತಿಳಿಯದ ಭಾಷೆಯಲ್ಲಿ ಯಾರೋ ವಾರ್ತೆ ಓದುತ್ತಾರೆ. ಮಕ್ಕಳು ಭೂಪಟದಲ್ಲಿ ಆ ದೇಶವನ್ನು ಹುಡುಕುತ್ತಾರೆ. ಮೊನ್ನೆ ಒಬ್ಬ ಹುಡುಗಿ, ನಾನು ಹೇಳಿದ ಹಳೆಯ ಉಪಗ್ರಹವಿದ್ದ ಜಾಗವನ್ನು ತೋರಿಸಿರೆಂದು ಕೇಳಿದಳು. ಅದು 35 ಅಂಶ ಪೂರ್ವ, ನಮಗೆ ಪಡುವಣದ ತಗ್ಗು ಆಕಾಶ. ಗುಂಡಿ ಒತ್ತಿದೆ. ಛತ್ರಿ ಹೊರಳುತ್ತ ಹೋಗಿ ಬೇವಿನ ಮರಕ್ಕೆ ಎದುರಾಗಿ ನಿಂತಿತು. ಪರದೆಯ ಮೇಲೆ ಏನೂ ಇಲ್ಲ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತಿ, “ಸಾಕ ಮಾಡ್ರೋ, ಚಂದನದಾಗ ವಾರ್ತಾ ಬರೂ ಹೊತ್ತಾತು” ಎಂದಳು.